ಎರಡು ಅಂಗನವಾಡಿ, ಒಂದು ಎಲ್‌ಕೆಜಿ: ಮಗಳನ್ನು ಎಲ್ಲಿಗೆ ಕಳುಹಿಸಲಿ?

ಪ್ರಶ್ನೆ: ನಾವು ಸೇಡಂ ತಾಲ್ಲೂಕಿನ ಒಂದು ಹಳ್ಳಿಯವರು. ಬರುವ ಜೂನ್ 1ಕ್ಕೆ ಮಗಳಿಗೆ ಮೂರು ವರ್ಷ ಐದು ತಿಂಗಳಾಗುತ್ತದೆ. ನನ್ನ ತವರು ತಾಂಡೂರಿನ ಕಡೆ. ನಾನು ಅವಳೊಂದಿಗೆ ತೆಲುಗು ಮಾತನಾಡುತ್ತೇನೆ, ಅತ್ತೆ ಮಾವ ಕನ್ನಡ ಮಾತನಾಡುತ್ತಾರೆ. ಊರಿನಲ್ಲಿ ಎರಡು ಅಂಗನವಾಡಿಗಳಿವೆ. ನಮ್ಮ ಓಣಿಯದಕ್ಕೆ ಸ್ವಂತ ಕಟ್ಟಡವಿದೆ, ಗೋಡೆ ತುಂಬ ಚಿತ್ರಗಳಿವೆ. ಆದರೆ ಟೀಚರ್ ಮೀಟಿಂಗಿಗೆ ಹೋದ ದಿನಗಳೇ ಹೆಚ್ಚು. ಇನ್ನೊಂದು ಹಳ್ಳದ ಆಚೆ, ಗುಡಿಯ ಪಕ್ಕದ ಬಾಡಿಗೆ ಕೋಣೆಯಲ್ಲಿದೆ. ಅಲ್ಲಿನ ಟೀಚರ್ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎನ್ನುತ್ತಾರೆ. ಸರ್ಕಾರಿ ಶಾಲೆಯಲ್ಲಿ ಈಗ ಎಲ್‌ಕೆಜಿಯೂ ಇದೆ. ‘ಈಗಲೇ ತಂದು ಕೂರಿಸಿ’ ಎನ್ನುವವರಿದ್ದಾರೆ. ಅತ್ತೆಯವರ ಮಾತು ಬೇರೆ: ‘ಅಂಗನವಾಡಿ ಎಂದರೆ ಉಪ್ಪಿಟ್ಟು ತಿಂದು ಬರುವ ಜಾಗ.’ ಮೂರನ್ನೂ ಹೋಲಿಸಿ ನೋಡುವುದು ಹೇಗೆ?

ಉತ್ತರ: ಮೊದಲು ಎಲ್‌ಕೆಜಿಯ ಮಾತು ಮುಗಿಸೋಣ, ಏಕೆಂದರೆ ಅದನ್ನು ವಯಸ್ಸೇ ತೀರ್ಮಾನಿಸಿಬಿಟ್ಟಿದೆ. ನಮ್ಮ ರಾಜ್ಯದಲ್ಲಿ ಎಲ್‌ಕೆಜಿಗೆ ಜೂನ್ 1ಕ್ಕೆ ನಾಲ್ಕು ವರ್ಷ, ಯುಕೆಜಿಗೆ ಐದು, ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು. ನಿಮ್ಮ ಮಗಳು ಈ ವರ್ಷ ಎಲ್‌ಕೆಜಿಗೆ ಬರುವುದಿಲ್ಲ. ‘ಹೆಸರು ಆಮೇಲೆ ಬರೆದುಕೊಳ್ಳುತ್ತೇವೆ, ಈಗ ಸುಮ್ಮನೆ ಕೂರಿಸಿ’ ಎಂದು ಯಾರಾದರೂ ಕರೆದರೆ ಅದರ ಅರ್ಥ ಇಷ್ಟೇ: ದಾಖಲೆಯಲ್ಲಿಲ್ಲದ ಮಗು ನಾಲ್ಕು ವರ್ಷದವರ ತರಗತಿಯ ಮೂಲೆಯಲ್ಲಿ ಕುಳಿತಿರುತ್ತದೆ. ಮುಂದಿನ ವರ್ಷ ಅದೇ ಪುಸ್ತಕ, ಅದೇ ಪದ್ಯ, ಅದೇ ಬೆಂಚು. ಬೇಗ ಕೂರಿಸಿದ ಮಾತ್ರಕ್ಕೆ ಬೇಗ ಒಂದನೇ ತರಗತಿಗೆ ಹೋಗುವುದಿಲ್ಲ. ಆರು ವರ್ಷದ ಬಾಗಿಲು ಎಲ್ಲರಿಗೂ ಒಂದೇ. ಮುಂದಿನ ಜೂನ್‌ನಲ್ಲಿ ನಾಲ್ಕು ವರ್ಷ ಐದು ತಿಂಗಳಾದಾಗ ಈ ಪ್ರಶ್ನೆ ನಿಜವಾಗಿ ಎದುರಾಗುತ್ತದೆ. ಆಗಿನ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ.

ಹಾಗಾಗಿ ಈ ವರ್ಷ ಇರುವುದು ಎರಡು ಅಂಗನವಾಡಿಗಳ ನಡುವಿನ ಆಯ್ಕೆ. ಇದನ್ನು ಸಣ್ಣದೆಂದು ತಿಳಿಯಬೇಡಿ. ಅಂಗನವಾಡಿ ಒಳ್ಳೆಯದೋ, ಎಲ್‌ಕೆಜಿ ಒಳ್ಳೆಯದೋ, ಕಾನ್ವೆಂಟ್ ಒಳ್ಳೆಯದೋ ಎಂದು ಜನ ಚರ್ಚೆ ಮಾಡುತ್ತಾರೆ. ಕೇಂದ್ರಗಳ ಒಳಗೆ ಕುಳಿತು ನೋಡುವವರಿಗೆ ಗೊತ್ತಿರುವ ಸಂಗತಿಯೆಂದರೆ, ಒಂದೇ ಊರಿನ ಎರಡು ಅಂಗನವಾಡಿಗಳ ನಡುವೆ ಇರುವ ಅಂತರ ಎಷ್ಟೋ ಸಲ ಅಂಗನವಾಡಿಗೂ ಎಲ್‌ಕೆಜಿಗೂ ಇರುವ ಅಂತರಕ್ಕಿಂತ ದೊಡ್ಡದು. ಇಲಾಖೆ ಒಂದೇ, ಪಡಿತರ ಒಂದೇ, ‘ಚಿಲಿಪಿಲಿ’ ಚಟುವಟಿಕೆ ಪುಸ್ತಕವೂ ಒಂದೇ. ಒಂದು ಕಡೆ ಮಕ್ಕಳು ಕಥೆಯ ನಡುವೆ ಎದ್ದು ನಿಂತು ಪ್ರಶ್ನೆ ಕೇಳುತ್ತಿರುತ್ತಾರೆ, ಇನ್ನೊಂದು ಕಡೆ ಗೋಡೆಗೆ ಬೆನ್ನು ಕೊಟ್ಟು ಊಟದ ಹೊತ್ತನ್ನು ಕಾಯುತ್ತಿರುತ್ತಾರೆ. ಫಲಕದ ಮೇಲಿನ ಹೆಸರಿನಿಂದ ಇದು ತಿಳಿಯುವುದಿಲ್ಲ, ಒಳಗೆ ಹೋಗಿ ಕುಳಿತರೆ ತಿಳಿಯುತ್ತದೆ.

ಹೋಗುವ ಹೊತ್ತು ಮುಖ್ಯ. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಹೋಗಿ. ಒಂಬತ್ತೂವರೆಗೆ ಹೋದರೆ ಸಹಾಯಕಿ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುತ್ತಿರುತ್ತಾರೆ. ಊಟದ ಹೊತ್ತಿಗೆ ಹೋದರೆ ಊಟ ಮಾತ್ರ ಕಾಣುತ್ತದೆ. ಅತ್ತೆಯವರು ಅಂಗನವಾಡಿಯನ್ನು ಬಹುಶಃ ಆ ಹೊತ್ತಿನಲ್ಲಷ್ಟೇ ಕಂಡಿರಬೇಕು. ಹತ್ತೂವರೆಯಿಂದ ಹನ್ನೆರಡರ ನಡುವೆ ಕಲಿಕೆಯ ಹೆಸರಿನಲ್ಲಿ ಏನಾದರೂ ನಡೆಯುವುದಿದ್ದರೆ ನಡೆಯುತ್ತದೆ. ಪಡಿತರ ಹಂಚುವ ದಿನ ಬೇಡ. ಗರ್ಭಿಣಿಯರು, ಬಾಣಂತಿಯರು ಸಾಲಿನಲ್ಲಿ ನಿಂತಿರುತ್ತಾರೆ. ಟೀಚರ್ ಮೊಬೈಲ್ ಹಿಡಿದು, ಅಂಗನವಾಡಿಯ ಲೆಕ್ಕವಿಡುವ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿ ಒಬ್ಬೊಬ್ಬರ ಮುಖ ಗುರುತಿಸುತ್ತ, ನೆಟ್‌ವರ್ಕಿಗೆ ಶಾಪ ಹಾಕುತ್ತ ಇರುತ್ತಾರೆ. ಅವತ್ತಿನ ಕೇಂದ್ರವನ್ನು ನೋಡಿ ತೀರ್ಪು ಕೊಡುವುದು ಅನ್ಯಾಯ. ಲಸಿಕೆಯ ದಿನವೂ ಬೇಡ. ಒಂದು ಕೇಂದ್ರಕ್ಕೆ ಒಂದು ಸಲ ಹೋದರೆ ಸಾಲದು, ಬೇರೆ ಬೇರೆ ವಾರಗಳಲ್ಲಿ ಎರಡು ಸಲವಾದರೂ ಹೋಗಿ. ಹೇಳಿ ಹೋಗುವ ಅಗತ್ಯವಿಲ್ಲ. ಆದರೆ ತಪಾಸಣೆಗೆ ಬಂದವರ ಹಾಗೆ ಬಾಗಿಲಲ್ಲಿ ನಿಲ್ಲಬೇಡಿ. ಮಗಳನ್ನು ಕರೆದುಕೊಂಡು ಹೋಗಿ, ‘ಸೇರಿಸಬೇಕೆಂದಿದ್ದೇನೆ, ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತೇವೆ’ ಎಂದು ಹೇಳಿ, ಮಕ್ಕಳ ಜೊತೆ ಫರ್ಷಿಯ ಮೇಲೆ ಕುಳಿತುಬಿಡಿ.

ಕುಳಿತ ಮೇಲೆ ಗೋಡೆ ನೋಡಬೇಡಿ. ಗೋಡೆಯ ಚಿತ್ರಗಳನ್ನು ಗುತ್ತಿಗೆದಾರ ಬರೆಸಿರುತ್ತಾನೆ, ಟೀಚರ್ ಅಲ್ಲ. ಟೀಚರ್ ಬಾಯಿಯಿಂದ ಬರುವ ಮಾತು ಕೇಳಿಸಿಕೊಳ್ಳಿ. ಅರ್ಧ ಗಂಟೆಯಲ್ಲಿ ಅವರು ಮಕ್ಕಳಿಗೆ ಹೇಳಿದ್ದರಲ್ಲಿ ‘ಕುಳಿತುಕೋ’, ‘ಸುಮ್ಮನಿರು’, ‘ಕೈ ಕಟ್ಟು’ ಎಂಬವು ಎಷ್ಟು, ‘ಇದೇನು?’, ‘ಆಮೇಲೆ ಏನಾಯಿತು?’, ‘ನಿಮ್ಮ ಮನೆಯಲ್ಲಿ ಹೇಗೆ?’ ಎಂಬವು ಎಷ್ಟು? ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೋ, ‘ಏ ಹುಡುಗಿ’ ಎನ್ನುತ್ತಾರೋ? ಒಂದು ಮಗು ಏನೋ ತೊದಲಿದಾಗ ಅದರ ಕಡೆ ತಿರುಗುತ್ತಾರೋ? ಮೂರು ವರ್ಷದ ಮಗು ಭಾಷೆ ಕಲಿಯುವುದು ತನ್ನ ಮಾತಿಗೆ ಉತ್ತರ ಸಿಕ್ಕಿದಾಗ. ಪದ್ಯವನ್ನು ನೂರು ಸಲ ಒಟ್ಟಾಗಿ ಕೂಗಿಸುವುದಕ್ಕಿಂತ, ಒಂದು ಮಗುವಿನೊಂದಿಗೆ ಎರಡು ನಿಮಿಷ ನಡೆಯುವ ಮಾತುಕತೆ ದೊಡ್ಡದು. ನನ್ನ ಲೆಕ್ಕದಲ್ಲಿ ಕೇಂದ್ರದ ಅರ್ಧಕ್ಕರ್ಧ ಬೆಲೆ ಇಲ್ಲೇ ತೀರ್ಮಾನವಾಗುತ್ತದೆ. ಬಣ್ಣ, ಕುರ್ಚಿ, ಆಟಿಕೆ, ಶೌಚಾಲಯದ ಬಾಗಿಲು ಇವೆಲ್ಲವನ್ನೂ ಪಂಚಾಯಿತಿಗೆ ಅರ್ಜಿ ಕೊಟ್ಟು, ಬೆನ್ನು ಹತ್ತಿ ಸರಿಪಡಿಸಿಕೊಳ್ಳಬಹುದು. ಟೀಚರ್ ಸ್ವಭಾವಕ್ಕೆ ಅರ್ಜಿ ಕೊಡಲು ಬರುವುದಿಲ್ಲ.

ಆಟದ ಸಾಮಾನು ಎಲ್ಲಿದೆ ಎಂದು ಒಮ್ಮೆ ಕಣ್ಣು ಹಾಯಿಸಿ. ಅಲ್ಮಾರಿಯ ಮೇಲೆ ಪ್ಲಾಸ್ಟಿಕ್ ಕವರ್ ಸಮೇತ ಇದ್ದರೆ ಅದು ಅಧಿಕಾರಿಗಳಿಗೆ ತೋರಿಸುವ ಆಟಿಕೆ. ಚೂರುಪಾರಾದರೂ ಮಕ್ಕಳ ಕೈಗೆ ಸಿಗುವ ಬುಟ್ಟಿಯಲ್ಲಿದ್ದರೆ ಅದು ಬಳಕೆಯ ಆಟಿಕೆ. ಹುಣಸೆ ಬೀಜ, ಬಾಟಲಿ ಮುಚ್ಚಳ, ಕಲ್ಲು, ಹಳೆಯ ಲಗ್ನಪತ್ರಿಕೆಯಿಂದ ಕತ್ತರಿಸಿದ ಚಿತ್ರಗಳು ಕಂಡರೆ ನಾನು ಆ ಟೀಚರ್‌ಗೆ ಮನಸ್ಸಿನಲ್ಲೇ ನಮಸ್ಕಾರ ಹಾಕುತ್ತೇನೆ.

ಬರವಣಿಗೆಯ ವಿಷಯದಲ್ಲಿ ನಿಮ್ಮ ಮನೆಯಲ್ಲೂ ಗಲಾಟೆಯಾಗಬಹುದು, ಅದಕ್ಕೆ ಮೊದಲೇ ಹೇಳುತ್ತೇನೆ. ಪಾಟಿಯ ಮೇಲೆ ‘ಅ’ ತಿದ್ದಿಸುವ ಕೇಂದ್ರವೇ ಒಳ್ಳೆಯದು ಎಂಬ ನಂಬಿಕೆ ನಮ್ಮ ಭಾಗದಲ್ಲಿ ಬಲವಾಗಿದೆ. ಮೂರೂವರೆ ವರ್ಷದ ಬೆರಳುಗಳಿಗೆ ಬಳಪವನ್ನು ಸರಿಯಾಗಿ ಹಿಡಿಯುವ ಶಕ್ತಿಯೇ ಬಂದಿರುವುದಿಲ್ಲ. ಆ ವಯಸ್ಸಿನಲ್ಲಿ ಮಣ್ಣು ಕಲಸುವುದು, ಮಣಿ ಪೋಣಿಸುವುದು, ಕಾಗದ ಹರಿಯುವುದು, ಅಡ್ಡಗೆರೆ ಉದ್ದಗೆರೆ ಎಳೆಯುವುದು ಇವೇ ಬರವಣಿಗೆಯ ಪಾಠ. ಪ್ರಾಸದ ಪದ್ಯ ಹಾಡುವುದು, ‘ಮ’ದಿಂದ ಶುರುವಾಗುವ ವಸ್ತು ಹುಡುಕುವುದು ಓದಿನ ಪಾಠ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನು ಒಂದೇ ಬುನಾದಿ ಹಂತವೆಂದು ಎಣಿಸಿರುವುದರ ಹಿಂದಿನ ತಿಳಿವಳಿಕೆಯೂ ಇದೇ. ಅಕ್ಷರಕ್ಕೆ ಅವಸರವಿಲ್ಲ, ಮಾತಿಗೆ, ಕೈಗೆ, ಆಟಕ್ಕೆ ಅವಸರವಿದೆ. ಪಕ್ಕದ ಮನೆಯ ಹುಡುಗ ಮೂರು ವರ್ಷಕ್ಕೇ ನೂರರವರೆಗೆ ಒಪ್ಪಿಸುತ್ತಾನೆ ಎಂದು ಯಾರಾದರೂ ಹೇಳಿದರೆ, ಅವನ ಮುಂದೆ ಏಳು ಕಡಲೆಕಾಯಿ ಇಟ್ಟು ಎಷ್ಟಿವೆ ಎಂದು ಕೇಳಿ ನೋಡಿ.

ಇನ್ನು ಸಂಖ್ಯೆಗಳು. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಮೂರರಿಂದ ಆರು ವರ್ಷದ ಮಕ್ಕಳಲ್ಲಿ 20 ಮಕ್ಕಳಿಗೆ ಒಬ್ಬ ವಯಸ್ಕರು ಇರಬೇಕು, 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, ಹೊರಗೆ 30 ಚದರ ಮೀಟರ್ ಆಟದ ಜಾಗ ಬೇಕು ಎನ್ನುತ್ತದೆ. ಬಾಡಿಗೆ ಕೋಣೆಯನ್ನು ಅಳೆದರೆ ಬಹುಶಃ ಇಷ್ಟು ಬರುವುದಿಲ್ಲ. ಹಾಗೆಂದು ಅದನ್ನು ಅಲ್ಲಿಗೇ ಕೈಬಿಡಬೇಡಿ, ಒಳಗೆ ನಿಜವಾಗಿ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸಿ. ಹಾಜರಿ ಪುಸ್ತಕವನ್ನು ನಂಬಬೇಡಿ. ಕಾನ್ವೆಂಟಿಗೆ ಹೋಗುವ ಮಕ್ಕಳ ಹೆಸರು ಅಂಗನವಾಡಿಯಲ್ಲೂ ಇರುವುದು ಎಲ್ಲ ಕಡೆ ಗೊತ್ತಿರುವ ಗುಟ್ಟು. ಮೂವತ್ತು ಹೆಸರಿಗೆ ಹನ್ನೆರಡು ತಲೆಗಳಿದ್ದರೆ ಆ ಕೋಣೆ ಸಾಕು. ಆದರೆ ಊರಿನವರು ಆ ಕೇಂದ್ರಕ್ಕೆ ಮಕ್ಕಳನ್ನು ಏಕೆ ಕಳುಹಿಸುತ್ತಿಲ್ಲ ಎಂದು ಆಗ ಕೇಳಲೇಬೇಕು. ಉತ್ತರ ಟೀಚರ್ ಬಗ್ಗೆಯೇ ಇರಬೇಕೆಂದಿಲ್ಲ. ಗುಳೆ ಹೋದ ತಿಂಗಳುಗಳಲ್ಲಿ ನಮ್ಮ ತಾಂಡಾಗಳ ಕೇಂದ್ರಗಳು ಅರ್ಧ ಖಾಲಿಯಾಗುತ್ತವೆ. ತೊಗರಿ ರಾಶಿಯ ಹೊತ್ತಿನಲ್ಲಿ ತಾಯಂದಿರು ನಸುಕಿನಲ್ಲೇ ಹೊಲಕ್ಕೆ ಹೋಗುವಾಗ ಮಕ್ಕಳನ್ನೂ ಕರೆದೊಯ್ಯುತ್ತಾರೆ.

ಸಹಾಯಕಿಯನ್ನು ಮರೆಯಬೇಡಿ. ಹೋಲಿಕೆ ಮಾಡುವವರು ಟೀಚರನ್ನು ನೋಡುತ್ತಾರೆ, ಸಹಾಯಕಿಯನ್ನು ನೋಡುವುದಿಲ್ಲ. ಅಳುವ ಮಗುವನ್ನು ಎತ್ತಿಕೊಳ್ಳುವವರು, ಮೂಗು ಒರೆಸುವವರು, ಚಡ್ಡಿ ಬದಲಾಯಿಸುವವರು ಅವರು. ಟೀಚರ್ ಮೀಟಿಂಗಿಗೆ ಹೋದ ದಿನ ಇಡೀ ಕೇಂದ್ರ ಅವರ ತಲೆಯ ಮೇಲಿರುತ್ತದೆ. ನಿಮ್ಮ ಓಣಿಯ ಕೇಂದ್ರದ ವಿಷಯದಲ್ಲಿ ಇದೇ ನಿರ್ಣಾಯಕವಾಗಬಹುದು. ಟೀಚರ್ ಇಲ್ಲದ ದಿನ ಒಮ್ಮೆ ಬೇಕೆಂದೇ ಹೋಗಿ ನೋಡಿ. ಸಹಾಯಕಿ ಮಕ್ಕಳನ್ನು ಕೂರಿಸಿಕೊಂಡು ಹಾಡಿಸುತ್ತಿದ್ದರೆ ಆ ಕೇಂದ್ರ ಮುಗ್ಗರಿಸಿದರೂ ಬೀಳುವುದಿಲ್ಲ. ಒಬ್ಬರೇ ಒಲೆಯ ಮುಂದೆ ಇದ್ದು, ಮಕ್ಕಳು ರಸ್ತೆಯ ಅಂಚಿನಲ್ಲಿ ಆಡುತ್ತಿದ್ದರೆ ಗೋಡೆಯ ಮೇಲೆ ಎಷ್ಟು ನವಿಲುಗಳಿದ್ದರೂ ಪ್ರಯೋಜನವಿಲ್ಲ.

ಟೀಚರ್ ಪರವಾಗಿಯೂ ಒಂದು ಮಾತು. ಮೀಟಿಂಗಿಗೆ ಅವರು ಮೋಜಿಗೆ ಹೋಗುವುದಿಲ್ಲ. ಸಮೀಕ್ಷೆ, ಮತದಾರರ ಪಟ್ಟಿ, ತರಬೇತಿ, ಮೊಬೈಲ್‌ಗೆ ಮಾಹಿತಿ ತುಂಬುವುದು ಹೀಗೆ ಕಚೇರಿಗಳು ಹೇಳುವ ಎಲ್ಲ ಕೆಲಸವೂ ಈ ಗೌರವಧನದ ಹೆಣ್ಣುಮಕ್ಕಳ ಹೆಗಲಿಗೇ ಬೀಳುತ್ತದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಅಂಗನವಾಡಿಗೆ ವಹಿಸಿದ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು. ಪೂರಕ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಸಲಹೆ, ಆಸ್ಪತ್ರೆಗೆ ಕಳುಹಿಸುವುದು ಉಳಿದ ಐದು. ಪಟ್ಟಿ ಬೆಳೆದಂತೆಲ್ಲ ಕೈಬಿಟ್ಟು ಹೋಗುವುದು ಪಾಠದ ಹೊತ್ತೇ. ‘ನೀವು ಯಾಕೆ ಇರುವುದಿಲ್ಲ?’ ಎಂದು ಜಗಳ ತೆಗೆಯುವ ಬದಲು, ‘ನೀವು ಇಲ್ಲದ ದಿನ ಮಕ್ಕಳಿಗೆ ಏನು ವ್ಯವಸ್ಥೆ?’ ಎಂದು ಕೇಳಿ. ಉತ್ತರ ಸಿದ್ಧವಿರುವ ಟೀಚರ್ ಮೇಲೆ ಭರವಸೆ ಇಡಬಹುದು.

ಉಪ್ಪಿಟ್ಟಿನ ವಿಷಯಕ್ಕೆ ಬರೋಣ. ಅತ್ತೆಯವರು ಅದನ್ನು ಹಗುರವಾಗಿ ಹೇಳಿದ್ದಾರೆ, ನಾನು ಹಾಗೆ ನೋಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ನಿಮ್ಮ ಪಕ್ಕದ ಯಾದಗಿರಿಯಲ್ಲಿ ಅಂಥವರು ಅರ್ಧಕ್ಕಿಂತ ಹೆಚ್ಚು. ಇಂಥ ನೆಲದಲ್ಲಿ ಊಟವೇ ಪಾಠದ ಮೊದಲ ಅಧ್ಯಾಯ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಮೂರರಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯಿಂದ ನಿಗದಿತ ಪ್ರಮಾಣದ ಪೌಷ್ಟಿಕ ಆಹಾರ ಸಿಗಬೇಕು. ಅದು ಹಕ್ಕು, ದಯೆಯಲ್ಲ. ಬೆಳಗಿನ ತಿಂಡಿ, ಮಧ್ಯಾಹ್ನದ ಬಿಸಿ ಊಟ, ಹಾಲು, ವಾರದಲ್ಲಿ ಮೊಟ್ಟೆಯ ದಿನಗಳು ಎಲ್ಲವೂ ಗೋಡೆಯ ಮೆನುವಿನಲ್ಲಿ ಬರೆದಿರುತ್ತವೆ. ನೀವು ಹೋದ ದಿನ ತಟ್ಟೆಯಲ್ಲಿ ಇರುವುದೂ ಆ ದಿನಕ್ಕೆ ಬರೆದಿರುವುದೂ ಒಂದೇ ಇದೆಯೇ ನೋಡಿ. ಸಾಂಬಾರಿನ ತಳ ಕಲಕಿದರೆ ಬೇಳೆ ಏಳುತ್ತದೆಯೇ? ತೊಗರಿಯ ನಾಡಿನಲ್ಲಿ ಮಕ್ಕಳ ಸಾಂಬಾರು ನೀರಾಗಿದ್ದರೆ ಅದಕ್ಕೆ ಕಾರಣ ಕೇಳುವುದರಲ್ಲಿ ತಪ್ಪಿಲ್ಲ. ಊಟಕ್ಕೆ ಮುಂಚೆ ಕೈ ತೊಳೆಸುವುದು, ಚಿಕ್ಕ ಮಗುವಿಗೆ ಕಲಸಿ ಕೊಡುವುದು, ತಿನ್ನದ ಮಗುವನ್ನು ಗದರದಿರುವುದು ಇವನ್ನೂ ಗಮನಿಸಿ.

ತೂಕ, ಎತ್ತರದ ದಾಖಲೆ ಕೇಳಿ. ಒಳ್ಳೆಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ತೂಗುತ್ತಾರೆ, ತೂಗಿದ ಮೇಲೆ ತಾಯಿಗೆ ಹೇಳುತ್ತಾರೆ. ಈ ಎರಡನೆಯದು ಅಪರೂಪ. ತೂಗುವ ಯಂತ್ರ ಇದೆಯೇ ಎಂದು ಕೇಳುವುದಕ್ಕಿಂತ, ಅಲ್ಲಿಗೆ ಮಗುವನ್ನು ಕಳುಹಿಸುವ ಬೇರೆ ತಾಯಿಯೊಬ್ಬಳನ್ನು ‘ನಿಮ್ಮ ಮಗನ ತೂಕ ಎಷ್ಟು?’ ಎಂದು ಕೇಳಿ. ಅವಳಿಗೆ ಗೊತ್ತಿದ್ದರೆ ಕೇಂದ್ರ ಕೆಲಸ ಮಾಡುತ್ತಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಶಾಲೆಗಾದರೆ ಒಂದೇ ಸಲ. ಕಿವಿ, ಕಣ್ಣು, ಹೃದಯದ ತೊಂದರೆ ಬೇಗ ಸಿಕ್ಕಿಬೀಳುವುದು ಈ ತಪಾಸಣೆಯಲ್ಲೇ. ತಂಡ ಬರುವ ದಿನ ತಾಯಂದಿರಿಗೆ ಮುಂಚೆ ತಿಳಿಸುತ್ತಾರೆಯೇ ಎಂದು ಕೇಳಿಕೊಳ್ಳಿ.

ಹಳ್ಳದ ಆಚೆಯ ಕೋಣೆಯ ಬಗ್ಗೆ ನನಗೆ ಕಳವಳ ಇರುವುದು ಬಾಡಿಗೆ ಕಟ್ಟಡ ಎಂಬ ಕಾರಣಕ್ಕಲ್ಲ, ದಾರಿಯ ಕಾರಣಕ್ಕೆ. ಕಾಗಿಣಾ ನದಿ ತುಂಬಿದ ವಾರಗಳಲ್ಲಿ ನಿಮ್ಮ ಕಡೆಯ ಹಳ್ಳಗಳು ಹೇಗಿರುತ್ತವೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಯಾರು ಕರೆದುಕೊಂಡು ಹೋಗುತ್ತಾರೆ, ನೀರು ಏರಿದ ದಿನ ಯಾರು ಕರೆತರುತ್ತಾರೆ? ಸೇತುವೆ ಇದ್ದರೆ ಮಾತೇ ಬೇರೆ. ಇಲ್ಲದಿದ್ದರೆ ದಿನ ತಪ್ಪುತ್ತಾ ಹೋಗುತ್ತದೆ, ದಿನ ತಪ್ಪಿದ ಮಗು ಪ್ರತಿ ಸಲ ಹೊಸದಾಗಿ ಅಳುತ್ತದೆ. ಕೋಣೆಯ ಒಳಗೆ ಗ್ಯಾಸ್ ಸಿಲಿಂಡರ್ ಮಕ್ಕಳ ಪಕ್ಕದಲ್ಲೇ ಇದೆಯೇ, ನೀರಿನ ತೊಟ್ಟಿಗೆ ಮುಚ್ಚಳ ಇದೆಯೇ, ಕಲ್ಲಿನ ಗೋಡೆಯ ಸಂದುಗಳನ್ನು ಮುಚ್ಚಿದ್ದಾರೆಯೇ ನೋಡಿ; ನಮ್ಮ ಫರ್ಷಿಕಲ್ಲಿನ ಮನೆಗಳಲ್ಲಿ ಚೇಳು ಹೊಸ ಅತಿಥಿಯಲ್ಲ. ಚಾವಣಿಯೂ ಕಲ್ಲಿನದೇ ಆದರೆ ಏಪ್ರಿಲ್‌ನ ಮಧ್ಯಾಹ್ನ ಆ ಕೋಣೆ ಹೇಗಿರುತ್ತದೆ, ಬೇಸಿಗೆಯಲ್ಲಿ ಎಷ್ಟು ಹೊತ್ತಿಗೆ ಮಕ್ಕಳನ್ನು ಮನೆಗೆ ಬಿಡುತ್ತಾರೆ ಎಂಬುದನ್ನೂ ಕೇಳಿ. ಶೌಚಾಲಯ ಇದೆ ಎಂದರೆ ಸಾಲದು. ಅದರೊಳಗೆ ನೀರಿನ ಬಕೆಟ್ ಇದ್ದರೆ ಇದೆ ಎಂದರ್ಥ, ಪೊರಕೆ ಮತ್ತು ಅಕ್ಕಿಚೀಲ ಇದ್ದರೆ ಇಲ್ಲ ಎಂದರ್ಥ.

ಭಾಷೆಯ ಬಗ್ಗೆ ನೀವು ಬರೆದ ರೀತಿ ನೋಡಿದರೆ ತೆಲುಗು ಮಾತನಾಡುವುದು ಮಗಳಿಗೆ ತೊಡಕಾಗುತ್ತದೆಯೋ ಎಂಬ ಅಂಜಿಕೆ ನಿಮಗಿದ್ದಂತಿದೆ. ಅಂಜಬೇಡಿ, ನಿಲ್ಲಿಸಲೂ ಬೇಡಿ. ಸೇಡಂ, ಗುರುಮಠಕಲ್ ಕಡೆ ತೆಲುಗು, ಔರಾದ್, ಆಳಂದ ಕಡೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಪೇಟೆಯ ಓಣಿಗಳಲ್ಲಿ ಉರ್ದು, ಇವೆಲ್ಲದರ ಜೊತೆಗೆ ಕನ್ನಡ ಮಾತನಾಡುತ್ತ ಬೆಳೆಯುವುದು ಇಲ್ಲಿನ ಮಕ್ಕಳಿಗೆ ಸಹಜ. ನೋಡಬೇಕಾದದ್ದು ಟೀಚರ್ ಅದನ್ನು ಹೇಗೆ ಸ್ವೀಕರಿಸುತ್ತಾರೆ ಎಂಬುದನ್ನು. ಮಗು ‘ನೀಳ್ಳು’ ಎಂದಾಗ ನಗದೆ ‘ನೀರು ಬೇಕಾ? ಬಾ, ನೀರು ಕೊಡುತ್ತೇನೆ’ ಎನ್ನುವ ಟೀಚರ್ ಅಲ್ಲಿಯೇ ಒಂದು ಕನ್ನಡ ಪಾಠ ಮುಗಿಸಿದರು. ‘ಇಲ್ಲಿ ತೆಲುಗು ಮಾತನಾಡಬಾರದು’ ಎಂದರೆ ಮಗು ಎರಡೂ ಭಾಷೆಯಲ್ಲಿ ಬಾಯಿ ಮುಚ್ಚುತ್ತದೆ. ಅಂಗನವಾಡಿಗೆ ಸ್ಥಳೀಯ ಮಹಿಳೆಯನ್ನೇ ನೇಮಿಸಬೇಕೆಂಬ ನಿಯಮದ ದೊಡ್ಡ ಲಾಭ ಇದು. ಊರಿನ ಎಲ್ಲ ಮಾತುಗಳೂ ಅವರ ಕಿವಿಗೆ ಮೊದಲೇ ಬಿದ್ದಿರುತ್ತವೆ.

ಎಲ್ಲ ನೋಡಿದ ಮೇಲೆ ಅಂಕ ಹಾಕಿ ಕೂಡಿಸಬೇಡಿ. ಹತ್ತು ಸಣ್ಣ ಒಳಿತುಗಳು ಸೇರಿ ಒಂದು ದೊಡ್ಡ ಕೊರತೆಯನ್ನು ಮುಚ್ಚಿಬಿಡುತ್ತವೆ. ಮೂರು ಪ್ರಶ್ನೆಗಳು ಸಾಕು. ಕೇಂದ್ರ ವಾರದ ಆರು ದಿನವೂ ತೆರೆದು, ಪಾಠದ ಹೊತ್ತಿನಲ್ಲಿ ದೊಡ್ಡವರೊಬ್ಬರು ಮಕ್ಕಳ ಜೊತೆ ಇರುತ್ತಾರೆಯೇ? ದಾರಿ ಮತ್ತು ಕೋಣೆ ಅಪಾಯವಿಲ್ಲದವೇ? ಅಲ್ಲಿನ ದೊಡ್ಡವರು ಮಗುವಿನೊಂದಿಗೆ ಮಾತನಾಡುತ್ತಾರೆಯೇ? ಒಂದಕ್ಕೆ ‘ಇಲ್ಲ’ ಎಂದಾದರೂ ಆ ಕೇಂದ್ರವನ್ನು ಬಿಡಿ. ನೀವು ಬರೆದಷ್ಟರಿಂದ ಹೇಳುವುದಾದರೆ, ಹಳ್ಳಕ್ಕೆ ಸೇತುವೆ ಇದ್ದು ಕರೆದೊಯ್ಯುವವರು ಇದ್ದರೆ ನಾನು ಗುಡಿಯ ಪಕ್ಕದ ಕೋಣೆಯನ್ನು ಆರಿಸುತ್ತೇನೆ. ಇಲ್ಲದಿದ್ದರೆ ನಿಮ್ಮ ಓಣಿಯದೇ ಸರಿ, ಅದನ್ನು ಸರಿಪಡಿಸುವ ಕೆಲಸಕ್ಕೂ ಜೊತೆಯಲ್ಲೇ ಕೈಹಾಕಬೇಕು.

ಸರಿಪಡಿಸುವುದು ಹೇಗೆ? ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಎಂಬುದೊಂದಿದೆ. ತಾಯಂದಿರು ಅದರಲ್ಲಿ ಸದಸ್ಯರಾಗಬಹುದು. ಮೊಟ್ಟೆಯಂಥ ಸ್ಥಳೀಯ ಖರೀದಿಯ ಲೆಕ್ಕದಲ್ಲಿ ಅದಕ್ಕೆ ಪಾತ್ರವಿದೆ. ಬಹಳ ಕಡೆ ಅದು ಸಹಿಗೆ ಮಾತ್ರ ಸೇರುತ್ತದೆ. ನಾಲ್ಕು ತಾಯಂದಿರು ನಿಜವಾಗಿ ಬಂದು ಕುಳಿತರೆ ಚಹರೆ ಬದಲಾಗುತ್ತದೆ. ಟೀಚರ್ ಇಲ್ಲದ ದಿನಗಳ ಸಮಸ್ಯೆಯನ್ನು ಮೊದಲು ವೃತ್ತದ ಮೇಲ್ವಿಚಾರಕಿಗೆ ಹೇಳಿ, ಆಗದಿದ್ದರೆ ಸೇಡಂನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಬರೆದು ಕೊಡಿ. ಬರೆಯುವಾಗ ಟೀಚರ್ ವಿರುದ್ಧ ದೂರಿನಂತೆ ಬರೆಯಬೇಡಿ. ಅವರಿಗೆ ಪಾಠದ ಹೊತ್ತಿನಲ್ಲಿ ಬೇರೆ ಕೆಲಸ ಕೊಡಬೇಡಿ ಎಂಬ ಮನವಿಯಂತೆ ಬರೆಯಿರಿ. ಆಗ ಟೀಚರೂ ನಿಮ್ಮ ಪಕ್ಷಕ್ಕೆ ಬರುತ್ತಾರೆ. ಕಟ್ಟಡ, ನೀರು, ಶೌಚಾಲಯದ ಕೆಲಸಕ್ಕೆ ಗ್ರಾಮ ಪಂಚಾಯಿತಿ. ಗ್ರಾಮಸಭೆಯಲ್ಲಿ ಎತ್ತಿ, ನಡಾವಳಿಯಲ್ಲಿ ಬರೆಸಿ.

ಮುಂದಿನ ವರ್ಷದ ಎಲ್‌ಕೆಜಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ‘ಅಕ್ಷರ ಆವಿಷ್ಕಾರ’ ಕಾರ್ಯಕ್ರಮದಡಿ 2024–25ರಲ್ಲಿ ನಮ್ಮ ಭಾಗದ 1,008 ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸುವ ನಿರ್ಧಾರವಾಯಿತು. ಅಂಗನವಾಡಿಗಳು ಖಾಲಿಯಾಗುತ್ತವೆ ಎಂದು ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಪ್ರತಿಭಟಿಸಿದರು. ಅವರ ಆತಂಕದಲ್ಲಿ ಹುರುಳಿದೆ. ತಾಯಿಯಾಗಿ ನೀವು ನೋಡಬೇಕಾದದ್ದು ಬೇರೆ. ಎಲ್‌ಕೆಜಿಯ ಬಲವೆಂದರೆ ಒಂದೇ ವಯಸ್ಸಿನ ಮಕ್ಕಳು, ಪಾಠಕ್ಕೆಂದೇ ಇರುವ ಶಿಕ್ಷಕಿ, ಮುಂದೆ ಒಂದನೇ ತರಗತಿಗೆ ಅದೇ ಅಂಗಳ. ಅಲ್ಲಿನ ಶಿಕ್ಷಕಿಯರು ಅತಿಥಿ ಶಿಕ್ಷಕಿಯರು, ಅದೇ ಅದರ ದೌರ್ಬಲ್ಯ. ಪ್ರತಿ ವರ್ಷ ಹೊಸ ನೇಮಕ, ಹಲವು ಸಲ ತಡವಾದ ನೇಮಕ. ಜೂನ್‌ನಲ್ಲಿ ತರಗತಿ ಶುರುವಾಗಿದ್ದರೂ ಶಿಕ್ಷಕಿ ಬಂದಿರುವುದಿಲ್ಲ. ಅಂಗನವಾಡಿ ಟೀಚರ್ ಅದೇ ಊರಿನಲ್ಲಿ ವರ್ಷಗಟ್ಟಲೆ ಇರುತ್ತಾರೆ. ಹಾಗಾಗಿ ಮುಂದಿನ ಏಪ್ರಿಲ್‌ನಲ್ಲಿ ಈಗ ಹೇಳಿದ ರೀತಿಯಲ್ಲೇ ಎಲ್‌ಕೆಜಿಯಲ್ಲೂ ಅರ್ಧ ಗಂಟೆ ಕುಳಿತು ನೋಡಿ. ಕಳೆದ ವರ್ಷ ಶಿಕ್ಷಕಿ ಯಾವ ತಿಂಗಳು ಬಂದರು, ಈ ವರ್ಷವೂ ಅವರೇ ಇರುತ್ತಾರೆಯೇ, ಆಯಾ ಇದ್ದಾರೆಯೇ, ಚಿಕ್ಕವರಿಗೆ ಊಟ ಮತ್ತು ಹಾಲು ಯಾವ ಹೊತ್ತಿಗೆ, ಏಳನೇ ತರಗತಿಯ ಹುಡುಗರ ಜೊತೆಗೇ ಶೌಚಾಲಯವೇ ಎಂದು ಕೇಳಿ. ಹೆಸರಿನಲ್ಲಿ ಇಂಗ್ಲಿಷ್ ಇದೆ ಎಂದು ಇಂಗ್ಲಿಷ್ ಬರುತ್ತದೆ ಎಂದುಕೊಳ್ಳಬೇಡಿ. ಇಂಗ್ಲಿಷ್‌ನಲ್ಲಿ ಹರಟೆ ಹೊಡೆಯಬಲ್ಲ ಶಿಕ್ಷಕಿ ಇದ್ದರೆ ಬರುತ್ತದೆ, ಎಬಿಸಿಡಿ ಕೂಗಿಸುವುದರಿಂದ ಬರುವುದಿಲ್ಲ. ಎಲ್‌ಕೆಜಿಗೆ ಸೇರಿಸದೆ ಆರು ವರ್ಷದವರೆಗೆ ಒಳ್ಳೆಯ ಅಂಗನವಾಡಿಯಲ್ಲೇ ಇಟ್ಟುಕೊಂಡು ನೇರವಾಗಿ ಒಂದನೇ ತರಗತಿಗೆ ಕಳುಹಿಸಿದರೂ ಪ್ರವೇಶ ನಿರಾಕರಿಸುವಂತಿಲ್ಲ.

ಶಾಲೆಗೆ ಸೇರಿಸಿದರೂ ಅಂಗನವಾಡಿಯ ನಂಟು ಬಿಡಬೇಡಿ. ಐದು ವರ್ಷ ತುಂಬಿದ ಮೇಲೆ ಡಿಪಿಟಿ ಲಸಿಕೆಯ ಎರಡನೇ ಬೂಸ್ಟರ್ ಇದೆ. ವಿಟಮಿನ್ ಎ ಹನಿ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಬೀಳಬೇಕು. ಇವನ್ನು ನೆನಪಿಸುವವರು ನಿಮ್ಮ ಓಣಿಯ ಟೀಚರ್ ಮತ್ತು ಆಶಾ ಕಾರ್ಯಕರ್ತೆ.

ಕೊನೆಗೆ, ಯಾರೂ ಮೊದಲೇ ಹೇಳದ ಒಂದು ಕಚೇರಿ ತೊಡಕು. ಅಂಗನವಾಡಿಗಳಿಗೆ ಮನೆಗಳ ವ್ಯಾಪ್ತಿ ಹಂಚಿಕೆಯಾಗಿರುತ್ತದೆ. ನಿಮ್ಮ ಮನೆ ಓಣಿಯ ಕೇಂದ್ರದ ಸರ್ವೆಯಲ್ಲಿದೆ, ಮಗಳ ಪಾಲಿನ ಆಹಾರ ಅಲ್ಲಿಗೆ ಬರುತ್ತದೆ. ಹಳ್ಳದ ಆಚೆ ಸೇರಿಸುವುದಾದರೆ ಪೋಷಣ್ ಟ್ರ್ಯಾಕರ್‌ನಲ್ಲಿ ಹೆಸರು ವರ್ಗಾವಣೆಯಾಗಬೇಕು. ಎರಡೂ ಟೀಚರ್‌ಗಳಿಗೆ ಒಟ್ಟಿಗೆ ಹೇಳಿ, ಮೇಲ್ವಿಚಾರಕಿಯ ಕಿವಿಗೂ ಹಾಕಿ. ಇಲ್ಲದಿದ್ದರೆ ಹೆಸರು ಒಂದು ಕಡೆ, ತಟ್ಟೆ ಇನ್ನೊಂದು ಕಡೆ ಆಗುತ್ತದೆ, ಇಬ್ಬರು ಟೀಚರ್‌ಗಳ ನಡುವೆ ನಿಮ್ಮಿಂದಾಗಿ ಮನಸ್ತಾಪವೂ ಆಗುತ್ತದೆ. ಮಗಳ ಆಧಾರ್, ತಾಯಿ ಕಾರ್ಡ್, ಜನನ ಪ್ರಮಾಣಪತ್ರ ಇಟ್ಟುಕೊಂಡು ಮೇ ತಿಂಗಳಲ್ಲೇ ಹೋಗಿ. ಜನನ ಪ್ರಮಾಣಪತ್ರದ ದಿನಾಂಕವೂ ಆಧಾರ್‌ನ ದಿನಾಂಕವೂ ಒಂದೇ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಬೇರೆ ಇದ್ದರೆ ಒಂದನೇ ತರಗತಿಯ ಪ್ರವೇಶದವರೆಗೂ ಅದು ಕಾಡುತ್ತದೆ. ಈಗ ತಿದ್ದಿಸಿದರೆ ಒಂದು ಅರ್ಜಿಯಲ್ಲಿ ಮುಗಿಯಬಹುದು.